ಕ್ಯಾಲಿಪರ್ ಬದಲಿಸುವ ಮುಂಚೆ ಆ ಎರಡು ಪಿನ್ ಎಳೆದು ನೋಡಿ

ಪ್ರಶ್ನೆ: ನನ್ನದು ಪೆಟ್ರೋಲ್ ಸ್ವಿಫ್ಟ್. ಬೆಂಗಳೂರಿನಲ್ಲಿ ದಿನಾ ಆಫೀಸಿಗೂ ಅದೇ ಗಾಡಿ, ವರ್ಷಕ್ಕೆ 3–4 ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೂ ಅದೇ ಗಾಡಿ. ಕಳೆದ ಸಲ ನಾಲ್ಕನೇ ಲ್ಯಾಪಿನ ಹೊತ್ತಿಗೆ ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯತೊಡಗಿತು. ಪೆಡಲ್ ಕೂಡ ಮೊದಲಿಗಿಂತ ಕೆಳಗೆ ಹೋಗುತ್ತಿತ್ತು. ಊರಿಗೆ ಬಂದ ಮೇಲೆ ಸಣ್ಣ ಹಂಪ್ ದಾಟಿದರೂ ಮುಂದಿನ ಎಡ ಚಕ್ರದಿಂದ ಟಕಟಕ ಸದ್ದು. ಬಿಚ್ಚಿಸಿ ನೋಡಿದರೆ ಎಡಗಡೆ ಒಳಗಿನ ಬ್ರೇಕ್ ಪ್ಯಾಡ್ 3 ಮಿ.ಮೀ. ಉಳಿದಿದೆ, ಹೊರಗಿನದು 8. ಬಲಗಡೆ ಎರಡೂ 6ರ ಆಸುಪಾಸು. ಟ್ರ್ಯಾಕಿಗೆ ಹೊರಡುವ ಹಿಂದಿನ ದಿನವಷ್ಟೇ ಗ್ಯಾರೇಜಿನಲ್ಲಿ ಪಿನ್‌ಗಳಿಗೆ ಗ್ರೀಸ್ ಹಾಕಿಸಿ, ಹೊಸ ಬ್ರೇಕ್ ಆಯಿಲ್ ತುಂಬಿಸಿದ್ದೆ. ಈಗ ಅವರು ಎರಡೂ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡ್ ಒತ್ತುವ ಇಕ್ಕಳ) ಹೊಸದು ಹಾಕಿ ಅನ್ನುತ್ತಿದ್ದಾರೆ. ನಿಜವಾಗಿ ಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಆದರೆ ಆ ಟಕಟಕ ಸದ್ದು ಯಾವುದು ಅಂತ ಗೊತ್ತಾಗುವ ತನಕ ಗಾಡಿ ಆಚೆ ತೆಗೆಯಲೂ ಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ನಾಲ್ಕು ಅಂಕಿಗಳು. ಬಹಳ ಜನ 'ಬ್ರೇಕ್ ಸರಿ ಇಲ್ಲ' ಅಂತ ಮಾತ್ರ ಬರೆಯುತ್ತಾರೆ. ನೀವು ಪ್ಯಾಡ್ ಅಳೆದಿದ್ದೀರಿ. ಸವೆದ ಪ್ಯಾಡ್ ಸುಳ್ಳು ಹೇಳುವುದಿಲ್ಲ.

ಸ್ವಿಫ್ಟ್‌ನ ಮುಂದಿನ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ, ಅದೂ ಒಳಬದಿಗೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಮೊದಲು ಒಳ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದು ಮುಂದೆ ಹೋಗಲು ಜಾಗವಿಲ್ಲದೆ ಹೋದಾಗ ಇಡೀ ಕ್ಯಾಲಿಪರ್ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಹೀಗೆ ಜಾರಲು ಇರುವುದು ಎರಡೇ ಎರಡು ಪಿನ್, ಬೆರಳಿನಷ್ಟು ದಪ್ಪವೂ ಇಲ್ಲ. ಅವು ಬಿಗಿದುಕೊಂಡರೆ ಒಳ ಪ್ಯಾಡ್ ಒಂದೇ ದುಡಿಯುತ್ತದೆ, ಹೊರಗಿನದು ಆರಾಮಾಗಿ ಕೂತಿರುತ್ತದೆ. 3 ಮತ್ತು 8. ಅಷ್ಟೇ ಕತೆ.

ಹಾಗಾದರೆ ಗಾಡಿ ಬಲಕ್ಕೆ ಯಾಕೆ ಎಳೆಯಿತು? ಎಡಗಡೆ ಹಿಡಿತ ಕಡಿಮೆ, ಬಲಗಡೆ ಸರಿಯಾಗಿದೆ. ಜೋರಾಗಿ ಹಿಡಿದ ಕಡೆಗೇ ಗಾಡಿ ತಿರುಗುತ್ತದೆ. ಎಳೆಯುವ ಕಡೆಯೇ ಕೆಟ್ಟಿದೆ ಅಂದುಕೊಂಡು ಸರಿ ಇರುವ ಬಲ ಕ್ಯಾಲಿಪರನ್ನೇ ಬಿಚ್ಚಿ ಹಾಕಿದವರನ್ನು ನೋಡಿದ್ದೇನೆ. ಬ್ರೇಕ್ ಒತ್ತಿದಾಗ ಎಳೆದರೆ ಎದುರು ಬದಿಯನ್ನು ಮೊದಲು ನೋಡಿ. ಬ್ರೇಕ್ ಮುಟ್ಟದೇ ಇದ್ದಾಗಲೂ ಎಳೆಯುತ್ತಿದ್ದರೆ ಎಳೆಯುವ ಕಡೆಯೇ ಪ್ಯಾಡ್ ಉಜ್ಜುತ್ತಿರಬಹುದು. ಇವೆರಡು ಬೇರೆ ಬೇರೆ ಕಾಯಿಲೆ.

ಈಗ ಗ್ರೀಸಿಗೆ ಬರೋಣ. ನನ್ನ ಅನುಮಾನ ಅದರ ಮೇಲೆಯೇ. 5 ಮಿ.ಮೀ. ವ್ಯತ್ಯಾಸ ಒಂದು ದಿನದಲ್ಲಿ ಆದದ್ದಲ್ಲ, ಎಡ ಪಿನ್ ಮೊದಲಿಂದಲೂ ಬಿಗಿಯಾಗಿಯೇ ಇದ್ದಿರಬೇಕು. ಆದರೆ ನಾಲ್ಕನೇ ಲ್ಯಾಪಿಗೆ ಇದ್ದಕ್ಕಿದ್ದಂತೆ ಎಳೆತ ಶುರುವಾಯಿತಲ್ಲ, ಅದು ಹಿಂದಿನ ದಿನದ ಗ್ರೀಸಿನ ಕೆಲಸ ಇರಬಹುದು. ಯಾವ ಗ್ರೀಸ್ ಹಾಕಿದರು ಅಂತ ಕೇಳಿದ್ದೀರಾ? ಗ್ಯಾರೇಜಿನಲ್ಲಿ ಡಬ್ಬಿಗಟ್ಟಲೆ ಇರುವುದು ಬೇರಿಂಗ್ ಗ್ರೀಸ್. ಅದು ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ್ದು. ಬ್ರೇಕಿನ ಬೂಟ್ (ಧೂಳು ತಡೆಯುವ ರಬ್ಬರ್ ಟೋಪಿ), ಬುಶ್ (ಪಿನ್ನಿನ ರಬ್ಬರ್ ಬಳೆ), ಸೀಲುಗಳ ರಬ್ಬರ್ ಬೇರೆ ಜಾತಿಯದು. ಅದಕ್ಕೆ ಬ್ರೇಕ್ ಆಯಿಲ್ ಒಗ್ಗುತ್ತದೆ, ಪೆಟ್ರೋಲಿಯಂ ಎಣ್ಣೆ ಒಗ್ಗುವುದಿಲ್ಲ. ತಗಲಿದರೆ ನೆನೆದ ಕಡಲೆಯ ಹಾಗೆ ಊದಿಕೊಳ್ಳುತ್ತದೆ. (ನಾವು 'ಬ್ರೇಕ್ ಆಯಿಲ್' ಅಂತೀವಿ ನೋಡಿ, ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್. ಈ ಹೆಸರಿನ ದೆಸೆಯಿಂದಲೇ ಯಾರೋ ಒಬ್ಬರು ಬ್ರೇಕ್ ಡಬ್ಬಿಗೆ ಎಂಜಿನ್ ಆಯಿಲ್ ಸುರಿದು ಒಳಗಿನ ಒಂದೊಂದು ಸೀಲನ್ನೂ ಹಾಳು ಮಾಡಿಕೊಳ್ಳುತ್ತಾರೆ.)

ಎಷ್ಟೋ ಕ್ಯಾಲಿಪರುಗಳಲ್ಲಿ ಎರಡು ಪಿನ್ನುಗಳ ಪೈಕಿ ಒಂದರ ತುದಿಗೆ ರಬ್ಬರ್ ಬುಶ್ ಇರುತ್ತದೆ. ಸದ್ದು ಬಾರದಿರಲಿ ಅಂತ. ಊದಿಕೊಳ್ಳುವುದು ಮೊದಲು ಅದೇ. ತಣ್ಣಗಿರುವಾಗ ಪಿನ್ ಹೇಗೋ ಜಾರುತ್ತದೆ, ಗ್ಯಾರೇಜಿನಲ್ಲಿ ನೋಡಿದವರಿಗೆ ಎಲ್ಲ ಸರಿ ಅನಿಸುತ್ತದೆ. ಬಿಸಿಯಾದ ಮೇಲೆ ರಬ್ಬರ್ ಇನ್ನೂ ಹಿಗ್ಗಿ ತೂತಿನಲ್ಲಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಮೊದಲ ಮೂರು ಲ್ಯಾಪ್ ಚೆನ್ನಾಗಿದ್ದು ನಾಲ್ಕನೆಯದರಲ್ಲಿ ಕೈಕೊಟ್ಟದ್ದು ಇದಕ್ಕೆ ಸರಿಹೊಂದುತ್ತದೆ.

ಬಿಸಿ ಅಂದರೆ ಎಷ್ಟು ಬಿಸಿ? ಚಾಲಕನೂ ಸೇರಿ ನಿಮ್ಮ ಗಾಡಿ 1,000 ಕೆ.ಜಿ. ಅಂತ ಇಟ್ಟುಕೊಳ್ಳಿ. 140 ಕಿ.ಮೀ. ವೇಗದಿಂದ 70ಕ್ಕೆ ಒಮ್ಮೆ ಇಳಿಸಿದರೆ ಹುಟ್ಟುವ ಶಾಖ 1.8 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸಾಕು. ಅದೂ ಸುಮಾರು ಮೂರು ಸೆಕೆಂಡಿನಲ್ಲಿ. ಅದರ ಬಹುಪಾಲು ಮುಂದಿನ ಎರಡು ಡಿಸ್ಕಿಗೆ. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ 3.7 ಕಿ.ಮೀ., 12 ತಿರುವು. ಒಂದು ತಿರುವಿನ ಬಿಸಿ ಆರುವ ಮೊದಲೇ ಇನ್ನೊಂದು ಬರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನೂರು ಸಲ ಬ್ರೇಕ್ ಒತ್ತಿದರೂ ಇಷ್ಟು ಬಿಸಿ ಆಗದು, ಯಾಕೆಂದರೆ ಅಲ್ಲಿ ವೇಗವೇ ಇಲ್ಲ.

ಹಾಗಾಗಿ ಮೊದಲ ಕೆಲಸ ಇದು. ಗಾಡಿ ಜಾಕಿ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ಬರೀ ಜಾಕಿಯ ಮೇಲೆ ನಂಬಿಕೆ ಇಟ್ಟು ಕೆಳಗೆ ಕೈ ಹಾಕಬೇಡಿ. ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿ. ಬ್ರೇಕ್ ಆಯಿಲ್ ಬರುವ ಹೋಸಿನಿಂದ ನೇತಾಡಿಸಿದರೆ ಹೋಸ್ ಒಳಗೊಳಗೇ ಹರಿಯುತ್ತದೆ. ಆಮೇಲೆ ಒಂದೊಂದೇ ಪಿನ್ನನ್ನು ಬೆರಳಿನಿಂದ ಒಳಗೆ ಹೊರಗೆ ಆಡಿಸಿ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡಬೇಕು. ಪಾನಾ ಹಾಕಿ ತಿರುಚಬೇಕಾಗಿ ಬಂದರೆ ರೋಗ ಸಿಕ್ಕಿತು. ಒಳಗೆ ತಳ್ಳಿದ ಪಿನ್ ತಾನಾಗಿ ವಾಪಸ್ ಹೊರಗೆ ಬರುತ್ತಿದ್ದರೆ ಗ್ರೀಸ್ ಅತಿಯಾಗಿ ತುಂಬಿದ್ದಾರೆ ಅಂತ ಅರ್ಥ. ತೂತಿನ ಆ ತುದಿ ಮುಚ್ಚಿರುತ್ತದೆ ಅಲ್ವಾ, ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲ, ಸ್ಪ್ರಿಂಗ್ ಹಾಗೆ ಒದೆಯುತ್ತದೆ.

ಪಿನ್ ಹೊರಗೆ ಬಂದ ಮೇಲೆ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಮೆತ್ತಗಾಗಿ, ಅಂಟಂಟಾಗಿ, ಪಿನ್ನಿನ ಮೇಲೆ ಸಡಿಲವಾಗಿ ಸುತ್ತುತ್ತಿದ್ದರೆ ಅದರ ಕತೆ ಮುಗಿಯಿತು. ಬೂಟ್ ಕೂಡ ಹಾಗೆಯೇ. ಇವನ್ನು ತೊಳೆದು ಮತ್ತೆ ಹಾಕುವ ಆಸೆ ಬೇಡ. ಪಿನ್, ಬುಶ್, ಬೂಟ್ ಸೇರಿ ಕಿಟ್ ಸಿಗುತ್ತದೆ. ಕ್ಯಾಲಿಪರಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಪಿನ್ನಿನ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ಮಾಡಿ ಕೊಡುತ್ತೇನೆ ಅನ್ನುವವರಿಗೆ ಬೇಡ ಅನ್ನಿ. ಮೇಲಿನ ಲೇಪ ಹೋದ ಪಿನ್ ಒಂದೇ ಮಳೆಗಾಲದಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ.

ತೂತನ್ನು ಬ್ರೇಕ್ ಕ್ಲೀನರ್ ಮತ್ತು ಬಟ್ಟೆಯಿಂದ ಹಳೇ ಗ್ರೀಸಿನ ಒಂದು ಚೂರೂ ಉಳಿಯದ ಹಾಗೆ ತೆಗೆಯಿರಿ. ಹೊಸದಾಗಿ ಹಾಕಬೇಕಾದ್ದು ಬ್ರೇಕ್ ಪಿನ್ನಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್, ತೆಳುವಾಗಿ. ತಾಮ್ರದ ಬಣ್ಣದ ಪೇಸ್ಟ್ ಇದೆಯಲ್ಲ, ಅದು ಇಲ್ಲಿಗಲ್ಲ. ಅದರಲ್ಲಿನ ಎಣ್ಣೆ ಆರಿದ ಮೇಲೆ ಉಳಿಯುವುದು ಲೋಹದ ಪುಡಿ. ರಬ್ಬರ್ ಇರುವ ಪಿನ್ ಮೇಲಿನ ತೂತಿಗೋ ಕೆಳಗಿನ ತೂತಿಗೋ ಅನ್ನುವುದನ್ನು ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ಅದಲು ಬದಲಾದರೆ ಮತ್ತೆ ಇದೇ ಗೋಳು. ಬಲಗಡೆಯನ್ನೂ ಬಿಚ್ಚಿ. ಅದೇ ಕೈ, ಅದೇ ಗ್ರೀಸ್. ಈಗ ಸರಿ ಇದೆ ಅಂದರೆ ಮುಂದಿನ ಸಲದ ಸರದಿ ಅದರದ್ದು.

ಫೋಕ್ಸ್‌ವ್ಯಾಗನ್ ಪೋಲೋ ಇಟ್ಟುಕೊಂಡ ಗೆಳೆಯರು ಇದನ್ನು ಓದಿ ತಮ್ಮ ಗಾಡಿಗೂ ಹಾಗೇ ಮಾಡಬಾರದು. ಅದರ ಪಿನ್ನಿಗೆ 7 ಮಿ.ಮೀ. ಅಲೆನ್ ಕೀ ಬೇಕು. ಪಿನ್ ಉದ್ದನೆಯ ರಬ್ಬರ್ ತೋಳಿನೊಳಗೆ ಆಡುತ್ತದೆ, ಅದನ್ನು ಚೊಕ್ಕ ಮಾಡಿ ಒಣಗಿದ್ದ ಹಾಗೇ ಹಾಕುವುದು ವಾಡಿಕೆ. ಗ್ರೀಸ್ ಬಳಿಯುವ ಚಟ ಅಲ್ಲಿ ಬೇಡ.

ಈಗ ಟಕಟಕ ಸದ್ದು. ಇದಕ್ಕೆ ಒಂದು ಸಾಧುವಾದ ಕಾರಣವಿದೆ, ಒಂದು ಅಪಾಯದ್ದು.

ಸಾಧುವಾದದ್ದು ಕ್ಲಿಪ್. ಪ್ಯಾಡಿನ ಎರಡೂ ಕಿವಿಗಳ (ತುದಿಯಲ್ಲಿ ಚಾಚಿಕೊಂಡ ತುಂಡುಗಳು) ಕೆಳಗೆ ತೆಳು ಸ್ಟೇನ್‌ಲೆಸ್ ಪಟ್ಟಿಗಳು ಇರುತ್ತವೆ. ಪ್ಯಾಡನ್ನು ಅಲುಗಾಡದಂತೆ ಹಿಡಿಯುವುದು ಅವುಗಳ ಕೆಲಸ. ಮತ್ತೆ ಮತ್ತೆ ಕೆಂಡದಂಥ ಬಿಸಿ ತಿಂದ ಕ್ಲಿಪ್ಪಿಗೆ ಸ್ಪ್ರಿಂಗ್ ಗುಣ ಹೋಗುತ್ತದೆ. ಹಂಪ್ ದಾಟುವಾಗ ಬ್ರೇಕನ್ನು ಹಗುರವಾಗಿ ಮುಟ್ಟಿದರೆ ಸದ್ದು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ರಿವರ್ಸ್ ತೆಗೆದು ಬ್ರೇಕ್ ಒತ್ತಿದಾಗ ಒಮ್ಮೆ 'ಟಕ್', ಮುಂದೆ ಹೋಗಿ ಒತ್ತಿದಾಗ ಇನ್ನೊಮ್ಮೆ 'ಟಕ್'. ಪ್ಯಾಡ್ ಆಚೆ ಈಚೆ ಸರಿಯುವ ಸದ್ದು ಅದು. ಪ್ರತಿ ಸಲ ಪ್ಯಾಡ್ ಹಾಕುವಾಗ ಹೊಸ ಕ್ಲಿಪ್ ಹಾಕಿದರೆ ಮುಗಿಯಿತು.

ಕ್ಲಿಪ್ ತೆಗೆದಾಗ ಅದರ ಅಡಿಯ ಬ್ರಾಕೆಟ್ಟನ್ನೂ (ಪ್ಯಾಡ್ ಕೂರುವ ಲೋಹದ ಚೌಕಟ್ಟು) ನೋಡಿ. ಅಲ್ಲಿ ತುಕ್ಕು ಬೆಳೆದರೆ ಕ್ಲಿಪ್ಪನ್ನು ಮೇಲೆತ್ತುತ್ತದೆ, ಪ್ಯಾಡ್ ಬಿಗಿಯಾಗುತ್ತದೆ. ಪಿನ್ ಎಷ್ಟೇ ಚೆನ್ನಾಗಿ ಜಾರಿದರೂ ಪ್ಯಾಡೇ ಸಿಕ್ಕಿಕೊಂಡಿದ್ದರೆ ಫಲಿತಾಂಶ ಅದೇ. ಅರ ಹಾಕಿ ತುಕ್ಕು ಕೆರೆದು ತೆಗೆಯಿರಿ. ಟ್ರ್ಯಾಕಿಗೆ ಅಂತ ಬೇರೆ ಕಂಪನಿಯ ಪ್ಯಾಡ್ ತಂದವರಿಗೆ ಇನ್ನೊಂದು ತೊಂದರೆ ಇದೆ. ಹಿಂಬದಿ ತಗಡಿಗೆ ಹೊಡೆದ ಬಣ್ಣ ದಪ್ಪವಾಗಿ, ಕಿವಿ ಜಾಗದಲ್ಲಿ ಕೂರುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಕೂರಿಸಿದ ಪ್ಯಾಡನ್ನು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಪ್ಯಾಡ್ ಹೆಬ್ಬೆರಳಿನ ಒತ್ತಡಕ್ಕೆ ಒಳಗೆ ಹೋಗಬೇಕು. ಹೋಗದಿದ್ದರೆ ಕಿವಿಯ ಅಂಚಿನ ಬಣ್ಣವನ್ನು ಮಾತ್ರ ಅರದಿಂದ ಉಜ್ಜಿ.

ಅಪಾಯದ ಕಾರಣ ಸಡಿಲ ಬೋಲ್ಟ್. ಹಿಂದಿನ ದಿನ ಬಿಚ್ಚಿ ಗ್ರೀಸ್ ಹಾಕಿದ್ದಾರೆ ಅಂದಿರಿ. ಅಂದರೆ ಬೋಲ್ಟ್ ಕೈಗೆ ಸಿಕ್ಕಿತ್ತು. ಗಾಡಿ ತೆಗೆಯಬೇಡಿ ಅಂದದ್ದು ಅದಕ್ಕೇ. ಕೆಳಗಿನ ಪಿನ್ ಬೋಲ್ಟ್ ಬಿದ್ದು ಹೋದರೆ ಕ್ಯಾಲಿಪರ್ ಮೇಲಿನ ಪಿನ್ನಿನ ಸುತ್ತ ತಿರುಗಿ ರಿಮ್ಮಿಗೆ ಹೊಡೆಯುತ್ತದೆ, ಹೋಸ್ ಕಿತ್ತುಬರಬಹುದು. ನನಗೂ ಒಮ್ಮೆ ಹೀಗೆ ಆಗುವುದರಲ್ಲಿತ್ತು. ಎರಡು ಸೆಷನ್ ನಡುವೆ ಪ್ಯಾಡ್ ಬದಲಿಸುತ್ತಿದ್ದೆ. ಬೋಲ್ಟನ್ನು ಕೈಯಿಂದ ತಿರುಗಿಸಿ ಕೂರಿಸಿದ್ದೆ, ಅಷ್ಟರಲ್ಲಿ ಯಾರೋ ಚಹಾ ತಂದುಕೊಟ್ಟರು. ಚಹಾ ಕುಡಿದು, ಚಕ್ರ ಹಾಕಿ ಹೊರಟೇಬಿಟ್ಟೆ. ಮೊದಲ ಲ್ಯಾಪಿನಲ್ಲೇ ಟಕಟಕ. ಪುಣ್ಯಕ್ಕೆ ಇನ್ನೂ ನಿಧಾನವಾಗಿ ಹೋಗುತ್ತಿದ್ದೆ, ವಾಪಸ್ ಬಂದು ನೋಡಿದರೆ ಬೋಲ್ಟ್ ಅರ್ಧ ಹೊರಗೆ. ಅಂದಿನಿಂದ ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಗೆರೆ ಇಲ್ಲ ಅಂದರೆ ಬಿಗಿ ಮಾಡಿಲ್ಲ. ಗೆರೆ ಮುರಿದಿದೆ ಅಂದರೆ ಸಡಿಲವಾಗಿದೆ. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟರೂ ಕಾಣುತ್ತದೆ.

ಬಿಗಿ ಮಾಡಲು ಟಾರ್ಕ್ ರೆಂಚ್ ಬೇಕೇಬೇಕು. ಸಣ್ಣ ಕಾರುಗಳಲ್ಲಿ ಪಿನ್ ಬೋಲ್ಟಿಗೆ ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್, ಬ್ರಾಕೆಟ್ಟಿನ ದಪ್ಪ ಬೋಲ್ಟಿಗೆ 80ರಿಂದ 110 ಇರುತ್ತದೆ. ನಿಮ್ಮ ಮಾಡೆಲ್ಲಿನ ಸರಿಯಾದ ಅಂಕಿ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲಿದೆ, ಅದನ್ನೇ ಹಿಡಿಯಿರಿ. ಪಿನ್ ಬೋಲ್ಟಿಗೆ ಜೀವ ಬಿಟ್ಟು ಬಲ ಹಾಕಿದರೆ ಥ್ರೆಡ್ ಹೋಗುತ್ತದೆ. ಹೋದರೆ ವೆಲ್ಡಿಂಗ್ ಮಾಡಿಸಬೇಡಿ, ಪಿನ್ನನ್ನೇ ಬದಲಿಸಿ. ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಹಾಕಿದ್ದೇನೆ, ಇನ್ನೇನು ಚಿಂತೆ ಅನ್ನುವವರೂ ಇದ್ದಾರೆ. ಅದು ಸಾಮಾನ್ಯವಾಗಿ 150–180 ಡಿಗ್ರಿಯವರೆಗಿನ ಮಾತು. ಟ್ರ್ಯಾಕಿನ ಬಿಸಿಗೆ ಅದನ್ನೊಂದನ್ನೇ ನಂಬಬಾರದು.

ಪೆಡಲ್ ಕೆಳಗೆ ಹೋದದ್ದಕ್ಕೆ ನಾನು ಒಂದೇ ಉತ್ತರ ಕೊಡಲಾರೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತಾ? ಹಾಗಿದ್ದರೆ ಬ್ರೇಕ್ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲಲಿಲ್ಲವಾ? ಅದು ಪ್ಯಾಡ್ ಸೋತದ್ದು. ಮೊದಲ ಒತ್ತಿಗೆ ಆಳಕ್ಕೆ ಹೋಗಿ ಎರಡನೇ ಒತ್ತಿಗೆ ಮೇಲೆ ಬಂತಾ? ಆಗ ಹುಡುಕಾಟ ಬೇರೆ ಕಡೆ.

ಆಯಿಲ್ ವಿಷಯಕ್ಕೆ ಒಂದು ಮಾತು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ನೀವು 'ತುಂಬಿಸಿದ್ದೆ' ಅಂದಿರಿ. ಹಳೆಯದನ್ನು ನಾಲ್ಕೂ ಚಕ್ರದಿಂದ ಪೂರ್ತಿ ಹೊರಗೆ ತೆಗೆದರಾ, ಇಲ್ಲ ಡಬ್ಬಿಯಲ್ಲಿ ಕಡಿಮೆ ಇದ್ದಷ್ಟು ಮೇಲಿಂದ ಸುರಿದರಾ? ಕ್ಯಾಲಿಪರಿನಲ್ಲಿ ಕುದಿಯುವುದು ಕ್ಯಾಲಿಪರಿನಲ್ಲಿರುವ ಹಳೇ ಆಯಿಲ್. ಡಬ್ಬಿಯ ಹೊಸದು ಅಲ್ಲಿಗೆ ತಲುಪಿರುವುದೇ ಇಲ್ಲ. ಬಾಟಲಿ ಕೂಡ ನಿಮ್ಮ ಕಣ್ಣೆದುರು ಸೀಲ್ ಒಡೆದದ್ದಾಗಿರಲಿ.

ಎರಡನೇ ಒತ್ತಿಗೆ ಸರಿಯಾಗುವ ಪೆಡಲ್ ಆದರೆ ಮೂರು ಕಡೆ ನೋಡಿ. ಒಂದು, ಇದೇ ಬಿಗಿದ ಪಿನ್. ಕ್ಯಾಲಿಪರ್ ಜಾರದೆ ಬಾಗಿ, ಬಿಟ್ಟಾಗ ಪಿಸ್ಟನ್ನನ್ನು ವಾಪಸ್ ತಳ್ಳುತ್ತದೆ. ಎರಡು, ಚಕ್ರದ ಬೇರಿಂಗ್. ಟಯರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಆಟ ಇದ್ದರೆ ತಿರುವಿನಲ್ಲಿ ಡಿಸ್ಕ್ ಓಲಾಡಿ ಪ್ಯಾಡನ್ನು ದೂರ ತಳ್ಳುತ್ತದೆ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಸ್ವಿಫ್ಟ್‌ಗೆ ಹಿಂದೆ ಇರುವುದು ಡ್ರಮ್ ಬ್ರೇಕ್. ಅದರ ಅಡ್ಜಸ್ಟರ್ ಸಿಕ್ಕಿಕೊಂಡು ಶೂ (ಡ್ರಮ್ಮಿನ ಒಳಗೋಡೆಗೆ ಒತ್ತುವ ಪಟ್ಟಿ) ಡ್ರಮ್ಮಿನಿಂದ ದೂರ ಉಳಿದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಮುಂದೆ ಏನೇ ಹೊಸದು ಹಾಕಿದರೂ ಅದು ಸರಿಯಾಗುವುದಿಲ್ಲ. ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆದಾಗ ಪೆಡಲ್ ಮೇಲೆ ಬಂದರೆ ಅನುಮಾನ ಹಿಂದಕ್ಕೆ ಹೋಗಲಿ. ನಿಲ್ಲಿಸಿದ ಗಾಡಿಯಲ್ಲಿ ಮಾತ್ರ ಈ ಪರೀಕ್ಷೆ.

ಇನ್ನು ಕ್ಯಾಲಿಪರಿನ ಮೇಲೆ ಆರೋಪ ಹೊರಿಸಲು ಏನು ಸಾಕ್ಷಿ ಬೇಕು? ಬ್ಲೀಡ್ ನಿಪ್ಪಲ್ (ಕ್ಯಾಲಿಪರಿನಿಂದ ಗಾಳಿ, ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲಿಸಿ, ಅದಕ್ಕೆ ಪೈಪ್ ಹಾಕಿ, ಸಿ ಕ್ಲಾಂಪಿನಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಿ. ಹಾಗೆ ಮಾಡಿದರೆ ಕೊಳಕು ಆಯಿಲ್ ಎಬಿಎಸ್ ಕಡೆಗೆ ಹೋಗುವುದಿಲ್ಲ. ಪಿಸ್ಟನ್ ಒಂದೇ ಸಮನೆ ಹೋದರೆ, ಬೂಟ್ ಹರಿದಿಲ್ಲದಿದ್ದರೆ, ಒದ್ದೆ ಇಲ್ಲದಿದ್ದರೆ ಕ್ಯಾಲಿಪರ್ ಚೆನ್ನಾಗಿದೆ. ನಿಪ್ಪಲ್ ಮುಚ್ಚಿದ್ದಾಗ ಹೋಗದ ಪಿಸ್ಟನ್ ತೆರೆದ ಕೂಡಲೇ ಸಲೀಸಾಗಿ ಹೋಯಿತು ಅಂದರೆ ಹೋಸ್ ಒಳಗೆ ಊದಿ ಆಯಿಲ್ ವಾಪಸ್ ಬಿಡುತ್ತಿಲ್ಲ. ಆಗಲೂ ಕ್ಯಾಲಿಪರ್ ನಿರಪರಾಧಿ. ಪಿಸ್ಟನ್ನಿನ ಮೈ ತುಕ್ಕು ತಿಂದಿದ್ದರೆ, ನಿಪ್ಪಲ್ ಮುರಿದು ಒಳಗೇ ಉಳಿದಿದ್ದರೆ ಮಾತ್ರ ಬದಲಿಸಿ. ಎಡದ್ದು ಕೆಟ್ಟರೆ ಎಡದ್ದು ಸಾಕು. ಜೋಡಿಯಾಗಿ ಬದಲಿಸಬೇಕಾದ್ದು ಪ್ಯಾಡ್ ಮತ್ತು ಡಿಸ್ಕ್. ಹೊಸದು ಹಾಕಿಸಿದರೆ ನಿಪ್ಪಲ್ ಮೇಲ್ಗಡೆ ಇದೆಯೇ ನೋಡಿ. ಕೆಳಗಿದ್ದರೆ ಬಲದ್ದನ್ನು ಎಡಕ್ಕೆ ಹಾಕಿದ್ದಾರೆ, ಒಳಗೆ ಮೇಲ್ಗಡೆ ಸಿಕ್ಕಿಕೊಂಡ ಗಾಳಿ ಯಾವ ಕಾಲಕ್ಕೂ ಹೊರಗೆ ಬರುವುದಿಲ್ಲ. ಸುಮ್ನೆ ಹೇಳುತ್ತಿಲ್ಲ, ಇದು ನಡೆಯುತ್ತದೆ.

3 ಮಿ.ಮೀ. ಪ್ಯಾಡನ್ನು ಇನ್ನು ಟ್ರ್ಯಾಕಿಗೆ ಒಯ್ಯಬೇಡಿ, ನಾಲ್ಕೂ ಹೊಸದು ಹಾಕಿಸಿ. ತೆಳು ಪ್ಯಾಡ್ ಶಾಖವನ್ನು ನೇರವಾಗಿ ಪಿಸ್ಟನ್ನಿಗೂ ಸೀಲಿಗೂ ದಾಟಿಸುತ್ತದೆ. ಸೆಷನ್ನಿನ ಕೊನೆಯ ಲ್ಯಾಪನ್ನು ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ. ಪಿಟ್‌ಗೆ ಬಂದು ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ಡಿಸ್ಕಿಗೆ ನೀರು ಹಾಕುವ ಹುಡುಗರಿದ್ದರೆ ದೂರ ಇಡಿ. ನಿಮಗೆ ಅದೇ ಗಾಡಿಯಲ್ಲಿ 300 ಕಿ.ಮೀ. ವಾಪಸ್ ಬರಬೇಕು, ಹೊರಡುವ ಮುಂಚೆ ಆ ಬಿಳಿ ಗೆರೆಗಳನ್ನು ಒಮ್ಮೆ ನೋಡಿ.

ಹಳೇ ಪ್ಯಾಡ್ ಎಸೆಯಬೇಡಿ. ಯಾವುದು ಯಾವ ಬದಿಯದು ಅಂತ ಹಿಂದೆ ಬರೆದಿಡಿ. ಪಿನ್ ಬಿಚ್ಚಿದ ಮೇಲೆ ಬುಶ್ ಊದಿತ್ತೋ ಇಲ್ಲವೋ ಅಂತ ನನಗೂ ಬರೆಯಿರಿ. ಊದಿಲ್ಲ, ಪಿನ್ ಚೆನ್ನಾಗಿ ಜಾರುತ್ತಿದೆ, ಪ್ಯಾಡೂ ಸಿಕ್ಕಿಕೊಂಡಿಲ್ಲ ಅಂದರೆ ನನ್ನ ಊಹೆ ತಪ್ಪು. ಆಗ ಎಡಗಡೆ ಹೋಸಿನಿಂದ ಮತ್ತೆ ಶುರು ಮಾಡೋಣ.